ನುಗ್ಗೆ ಸೊಪ್ಪಿನ ರಸ ಬಿಪಿ ಮಾತ್ರೆಗೆ ಬದಲಿ ಆಗುತ್ತಾ? ಲಕ್ವ, ಗಿಡದ ಖನಿಜಾಂಶ ಮತ್ತು ನಮ್ಮ ಮಣ್ಣಿನ ಲೆಕ್ಕ



ಪ್ರತಿ ವಾರ ಬೆಳೆ, ಕೀಟ, ಗೊಬ್ಬರ ಅಂತ ಮಾತಾಡ್ತೀವಿ. ಈ ವಾರ ಬೆಳೆ ಬೆಳೆಯೋ ಮನುಷ್ಯನ ಬಗ್ಗೆ ಮಾತಾಡೋಣ. ಆದರೆ ಮಣ್ಣು, ಗಿಡ ಬಿಟ್ಟು ದೂರ ಹೋಗಲ್ಲ, ಕೊನೆಯವರೆಗೂ ಓದಿ.

ನಮ್ಮ ಚಿಕ್ಕಪ್ಪನಿಗೆ 52 ವರ್ಷ. ಕಬ್ಬಿನ ಗದ್ದೆ, ಎರಡು ಹಸು. ಎರಡು ವರ್ಷದ ಹಿಂದೆ ಊರಿನ ಆರೋಗ್ಯ ಶಿಬಿರದಲ್ಲಿ ಬಿಪಿ ಇದೆ ಅಂತ ಗೊತ್ತಾಯ್ತು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ನಾಲ್ಕು ತಿಂಗಳು ನುಂಗಿದರು. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಬಂತು: ದಿನಾ ಬೆಳಿಗ್ಗೆ ನುಗ್ಗೆ ಸೊಪ್ಪಿನ ರಸ ಕುಡಿದರೆ ಬಿಪಿ ಬುಡಸಮೇತ ಹೋಗುತ್ತೆ, ಮಾತ್ರೆ ಬೇಡವೇ ಬೇಡ. ಆ ವಿಡಿಯೋ ಅವರಿಗೆ ಕಳಿಸಿದ್ದು ನಾನೇ. ಹಿತ್ತಲಲ್ಲೇ ನುಗ್ಗೆ ಮರ ಇತ್ತು. ಮಾತ್ರೆ ಡಬ್ಬಿ ಗೂಡಿಗೆ ಹೋಯ್ತು.

ಸಂಕ್ರಾಂತಿ ಮುಗಿದ ವಾರ ಬೆಳಿಗ್ಗೆ ಮೋಟಾರ್ ಆನ್ ಮಾಡಲು ಹೋದವರಿಗೆ ಬಲಗೈ ಮೇಲೇಳಲಿಲ್ಲ. ಮಾತು ತೊದಲಿತು. "ವಾಯು ಹೊಡೆದಿದೆ, ಎಣ್ಣೆ ಹಚ್ಚಿಸಬೇಕು" ಅಂತ ಊರವರು ಹೇಳಿದರು. ದೂರದ ಊರಿನ ನಾಟಿ ವೈದ್ಯರ ಹತ್ತಿರ ಕರ್ಕೊಂಡು ಹೋದೆವು. ಅಲ್ಲಿಂದ ಆಸ್ಪತ್ರೆಗೆ ಬರುವಾಗ ಮಧ್ಯಾಹ್ನ ಮೂರು ಗಂಟೆ. ಅಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಿಗೆ ಶುರುವಾಯ್ತು?" ಬೆಳಿಗ್ಗೆ ಆರೂವರೆ ಅಂದಾಗ ಅವರು ಸುಮ್ಮನಾದರು.

ಆವತ್ತಿಂದ ನನ್ನ ತಲೆಯಲ್ಲಿ ಉಳಿದ ಪ್ರಶ್ನೆ ಇದು: ಆ ರಸದಲ್ಲಿ ನಿಜವಾಗಿ ಏನಿತ್ತು? ಎಷ್ಟಿತ್ತು? ಗೊಬ್ಬರಕ್ಕೆ ಎಕರೆ ಲೆಕ್ಕ ಹಾಕೋ ನಾವು ಇದಕ್ಕೂ ಒಂದು ಲೆಕ್ಕ ಹಾಕಬೇಕಲ್ವಾ? ಹಾಕೋಣ ಬನ್ನಿ.

ಲಕ್ವ ಅಂದ್ರೆ ಏನು?

ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಲ್ಯಾಟರಲ್ ಪೈಪಿನಲ್ಲಿ ಕಸ ಕಟ್ಟಿಕೊಂಡರೆ ಮುಂದಿನ ಗಿಡ ಒಣಗುತ್ತೆ. ಪ್ರೆಷರ್ ಹೆಚ್ಚಾಗಿ ಪೈಪ್ ಒಡೆದರೂ ಮುಂದಿನ ಗಿಡಕ್ಕೆ ನೀರಿಲ್ಲ. ಮೆದುಳಲ್ಲೂ ಹೀಗೇ. ರಕ್ತನಾಳ ಕಟ್ಟಿಕೊಂಡರೆ ಒಂದು ಬಗೆಯ ಸ್ಟ್ರೋಕ್, ಒಡೆದರೆ ಇನ್ನೊಂದು ಬಗೆ. ರಕ್ತ ಸಿಗದ ಮೆದುಳಿನ ಭಾಗ ಸಾಯಲು ಶುರುವಾಗುತ್ತೆ. ನಾಳ ಕಟ್ಟಿದ ಸ್ಟ್ರೋಕ್‌ನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ತಜ್ಞರು ಅಂದಾಜು ಮಾಡಿದ್ದಾರೆ.

ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಹೋಗುತ್ತೆ. ಅಂದ್ರೆ ತೊಂದರೆ ಇರೋದು ತಲೆಯಲ್ಲಿ, ಕೈಯಲ್ಲಲ್ಲ. ಕೈಗೆ ಎಣ್ಣೆ ತಿಕ್ಕುತ್ತಾ ಕೂತರೆ ಹೊತ್ತು ಕಳೆಯುತ್ತೆ ಅಷ್ಟೇ.

ಯಾಕೆ ಬರುತ್ತೆ?

ಇಂಟರ್‌ಸ್ಟ್ರೋಕ್ ಅಂತ ಒಂದು ದೊಡ್ಡ ಅಧ್ಯಯನ ನಡೆದಿದೆ. ಭಾರತವೂ ಸೇರಿ 32 ದೇಶಗಳ ಸುಮಾರು 27 ಸಾವಿರ ಜನರನ್ನು ನೋಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಮ್ಮ ಕೈಯಲ್ಲೇ ಇರುವ ಹತ್ತು ಕಾರಣಗಳು ಸೇರಿ ಸುಮಾರು 90% ಸ್ಟ್ರೋಕ್‌ಗೆ ಲೆಕ್ಕ ಸಿಗುತ್ತೆ ಅನ್ನೋದು ಅದರ ಸಾರ. ಆ ಹತ್ತು ಇವು:

- ಬಿಪಿ
- ಬೀಡಿ, ಸಿಗರೇಟು
- ಸಕ್ಕರೆ ಕಾಯಿಲೆ
- ಮದ್ಯ
- ರಕ್ತದಲ್ಲಿ ಕೆಟ್ಟ ಕೊಬ್ಬು
- ಸೊಂಟದ ಬೊಜ್ಜು
- ಸರಿಯಿಲ್ಲದ ಊಟ
- ದೇಹಕ್ಕೆ ಚಟುವಟಿಕೆ ಇಲ್ಲದಿರುವುದು
- ಮನಸ್ಸಿನ ಒತ್ತಡ
- ಹೃದಯದ ತೊಂದರೆಗಳು

ಇದರಲ್ಲಿ ದೊಡ್ಡಣ್ಣ ಯಾರು ಗೊತ್ತಾ? ಬಿಪಿ. ಹೆಚ್ಚುಕಡಿಮೆ ಅರ್ಧದಷ್ಟು ಪಾಲು ಅದೊಂದರದ್ದೇ. "ನಾನು ದಿನಾ ಗದ್ದೇಲಿ ಬೆವರು ಸುರಿಸ್ತೀನಿ, ನನಗೆಲ್ಲಿ ಬಿಪಿ?" ಅಂತ ಬಹಳ ಜನ ಕೇಳ್ತಾರೆ. ಚಿಕ್ಕಪ್ಪ ಕೂಡ ಅದನ್ನೇ ಹೇಳ್ತಿದ್ದರು. ದುಡಿಮೆ ಒಳ್ಳೆಯದೇ, ಆದರೆ ಉಪ್ಪಿನಕಾಯಿ, ಬೀಡಿ, ಸಾಲದ ಚಿಂತೆ ಮೂರನ್ನೂ ಅದು ಒಂದೇ ತೊಳೆಯಲಾರದು. ಬಿಪಿಗೆ ನೋವಿಲ್ಲ, ತಲೆನೋವೂ ಇರಬೇಕಂತಿಲ್ಲ. ಪಟ್ಟಿ ಕಟ್ಟಿ ನೋಡಿದರೆ ಮಾತ್ರ ಗೊತ್ತಾಗೋದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಬಿಪಿಯೇ.

ಸಮಾಧಾನದ ಸಂಗತಿಯೂ ಇದೆ. ಬಿಪಿಯ ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಸ್ಟ್ರೋಕ್ ಸಂಭವ ಸುಮಾರು ಕಾಲು ಭಾಗ ಕಡಿಮೆ ಆಗುತ್ತೆ.

ಈಗ ರಸದ ಲೆಕ್ಕ

ವಿಡಿಯೋದವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ನುಗ್ಗೆ ಸೊಪ್ಪಿನಲ್ಲಿ ಪೊಟ್ಯಾಸಿಯಂ ಇದೆ, ಮೆಗ್ನೀಸಿಯಂ ಇದೆ, ಕ್ಯಾಲ್ಸಿಯಂ ಇದೆ. ಪೊಟ್ಯಾಸಿಯಂ ಬಿಪಿ ಇಳಿಸುತ್ತೆ ಅನ್ನೋದೂ ನಿಜ. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರು ಹಿಡಿದಿಟ್ಟು ಪ್ರೆಷರ್ ಏರಿಸುತ್ತೆ. ಪೊಟ್ಯಾಸಿಯಂ ಬಂದಾಗ ಮೂತ್ರಪಿಂಡ ಆ ಸೋಡಿಯಂನ ಹೊರಗೆ ಹಾಕುತ್ತೆ, ರಕ್ತನಾಳದ ಗೋಡೆಯ ಬಿಗಿಯೂ ಸಡಿಲ ಆಗುತ್ತೆ.

ಆದರೆ ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಂ ಊಟದಿಂದ ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ ಇರೋದು 300ರಿಂದ 400 ಮಿಲಿಗ್ರಾಂ. ರಸಕ್ಕೆ ಹಾಕೋದು ಒಂದು ಹಿಡಿ, ಅಂದ್ರೆ ಸುಮಾರು 20 ಗ್ರಾಂ. ಸಿಕ್ಕಿದ್ದು 60ರಿಂದ 80 ಮಿಲಿಗ್ರಾಂ. ದಿನದ ಅಗತ್ಯದ ನೂರರಲ್ಲಿ ಎರಡು ಪಾಲು! ಸೋಸಿ ಚರಟ ಬಿಸಾಡಿದರೆ ಇನ್ನೂ ಕಡಿಮೆ. ಒಣಪುಡಿ ಒಂದು ಚಮಚ ತಿಂದರೂ ಹೆಚ್ಚುಕಡಿಮೆ ಅಷ್ಟೇ.

ಎಕರೆಗೆ ಒಂದು ಚೀಲ ಪೊಟ್ಯಾಷ್ ಬೇಕಿರೋ ಕಡೆ ಒಂದು ಬೊಗಸೆ ಎರಚಿ ಬಂದ ಹಾಗಾಯ್ತು. ಅದನ್ನು ನಂಬಿಕೊಂಡು ಮಾತ್ರೆ ಬಿಟ್ಟಿದ್ದು ನಮ್ಮ ತಪ್ಪು, ನುಗ್ಗೆಯದಲ್ಲ.

ಹಾಗಾದ್ರೆ ಗಿಡದ ಖನಿಜಾಂಶದಿಂದ ಉಪಯೋಗ ಇಲ್ವಾ?

ಖಂಡಿತ ಇದೆ. ಔಷಧಿಯ ಹಾಗೆ ಒಂದು ಲೋಟದಲ್ಲಲ್ಲ, ದಿನಾ ತಟ್ಟೆಯಲ್ಲಿ.

1997ರಲ್ಲಿ ಅಮೆರಿಕದಲ್ಲಿ ಡ್ಯಾಶ್ ಅನ್ನೋ ಪ್ರಯೋಗದ ಫಲಿತಾಂಶ ಬಂತು. ಹಣ್ಣು, ತರಕಾರಿ, ಕಾಳು, ಕಡಿಮೆ ಕೊಬ್ಬಿನ ಹಾಲು ಮೊಸರು ಹೆಚ್ಚಿರುವ ಊಟ ಕೊಟ್ಟಾಗ, ಬಿಪಿ ಇದ್ದವರ ಮೇಲಿನ ಅಂಕಿ ಸರಾಸರಿ 11ರಷ್ಟು ಇಳಿಯಿತು. ಬಿಡಿ ಖನಿಜವೂ ಇಲ್ಲ, ಕಷಾಯವೂ ಇಲ್ಲ, ಇಡೀ ಊಟ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಚೀನಾದ ಹಳ್ಳಿಗಳದ್ದು. ಉತ್ತರ ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನ. ಒಂದೋ ಮುಂಚೆ ಸ್ಟ್ರೋಕ್ ಆದವರು, ಇಲ್ಲವೇ ಬಿಪಿ ಇರುವ 60 ದಾಟಿದವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಇನ್ನರ್ಧಕ್ಕೆ ಬದಲಿ ಉಪ್ಪು: 75% ಸಾಮಾನ್ಯ ಉಪ್ಪು, 25% ಪೊಟ್ಯಾಸಿಯಂ ಕ್ಲೋರೈಡ್. ಸುಮಾರು ಐದು ವರ್ಷ ನೋಡಿದರು. ಬದಲಿ ಉಪ್ಪು ತಿಂದ ಹಳ್ಳಿಗಳಲ್ಲಿ ಸ್ಟ್ರೋಕ್ 14% ಕಡಿಮೆ ಆಗಿತ್ತು. 2021ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅಡುಗೆ ಮನೆಯ ಉಪ್ಪಿನ ಡಬ್ಬಿ ಬದಲಾಗಿದ್ದಷ್ಟೇ!

"ಪೊಟ್ಯಾಸಿಯಂ ಕ್ಲೋರೈಡ್ ಅಂದ್ರೆ ನಮ್ಮ ಎಂಒಪಿ ಅಲ್ವಾ?" ಅಂತ ಯಾರಾದರೂ ಕೇಳಬಹುದು. ಹೌದು, ರಾಸಾಯನಿಕ ಅದೇ. ಆದರೆ ಗೊಬ್ಬರದ ಚೀಲದ್ದನ್ನು ಯಾವ ಕಾರಣಕ್ಕೂ ಬಾಯಿಗೆ ಹಾಕಬೇಡಿ. ಅದು ತಿನ್ನುವ ಶುದ್ಧತೆಯದ್ದಲ್ಲ, ಅಳತೆ ತಪ್ಪಿದರೆ ಹೃದಯವೇ ನಿಲ್ಲಬಹುದು. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನೂ ಡಾಕ್ಟರನ್ನು ಕೇಳಿಯೇ ತನ್ನಿ.

ನಮ್ಮ ತಟ್ಟೆಯಲ್ಲಿ ಎಷ್ಟಿದೆ?

ಒಂದು ಸಾಧಾರಣ ದಿನದ ಅಂದಾಜು ನೋಡಿ (ಪೊಟ್ಯಾಸಿಯಂ ಮಿಲಿಗ್ರಾಂ ಲೆಕ್ಕದಲ್ಲಿ):

- 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ: ಸುಮಾರು 400
- 50 ಗ್ರಾಂ ಹುರುಳಿಕಾಳು: ಸುಮಾರು 500
- 150 ಗ್ರಾಂ ದಂಟು, ನುಗ್ಗೆ ಇತ್ಯಾದಿ ಸೊಪ್ಪು: 500ರಿಂದ 700
- ಒಂದು ಬಾಳೆಹಣ್ಣು: 300ರಿಂದ 350
- ಒಂದು ಎಳನೀರು: ಸುಮಾರು 500

ಇಷ್ಟಕ್ಕೇ 2200 ದಾಟಿತು. ಟೊಮೆಟೊ, ಮಜ್ಜಿಗೆ, ಬೇರೆ ತರಕಾರಿ ಸೇರಿದರೆ ಗುರಿ ಹತ್ತಿರವೇ.

ಇಲ್ಲೊಂದು ಗುಟ್ಟಿದೆ. ಪೊಟ್ಯಾಸಿಯಂ ನೀರಲ್ಲಿ ಕರಗುತ್ತೆ. ಸೊಪ್ಪು ಕಾಳು ಬೇಯಿಸಿ ನೀರು ಚೆಲ್ಲಿದರೆ ಒಳ್ಳೆಯ ಪಾಲು ಬಚ್ಚಲಿಗೆ ಹೋಗುತ್ತೆ. ನಮ್ಮ ಬಸ್ಸಾರು ಇದಕ್ಕೆ ಸರಿಯಾದ ಉತ್ತರ: ಬಸಿದ ನೀರೇ ಸಾರು, ಬೆಂದ ಸೊಪ್ಪೇ ಪಲ್ಯ. ಏನೂ ಚೆಲ್ಲಲ್ಲ. ಆದರೆ ಅದರ ಪಕ್ಕ ಉಪ್ಪಿನಕಾಯಿ, ಹಪ್ಪಳ, ಮೇಲೊಂದಿಷ್ಟು ಉಪ್ಪು ಹಾಕಿಕೊಂಡರೆ ಲಾಭ ಅಲ್ಲಿಗೇ ಮುಗೀತು. ಎಲ್ಲ ಸೇರಿ ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಬೇಕು, ಅಂದ್ರೆ ಒಂದು ಟೀ ಚಮಚ.

ಇವರು ಹುಷಾರಾಗಿರಬೇಕು

- ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಹೊರಹೋಗಲ್ಲ, ರಕ್ತದಲ್ಲಿ ಏರಿ ಹೃದಯಕ್ಕೆ ಅಪಾಯ. ಎಳನೀರು, ಸೊಪ್ಪಿನ ರಸ, ಬದಲಿ ಉಪ್ಪು ಎಲ್ಲಕ್ಕೂ ಡಾಕ್ಟರ ಒಪ್ಪಿಗೆ ಬೇಕು. ಇಂಥವರಿಗೆ ಬೇಯಿಸಿದ ನೀರು ಚೆಲ್ಲಿ ಅಂತಲೇ ಹೇಳ್ತಾರೆ.
- ಕೆಲವು ಬಿಪಿ ಮಾತ್ರೆಗಳೇ ಪೊಟ್ಯಾಸಿಯಂ ಏರಿಸುತ್ತವೆ. ನಿಮ್ಮದು ಅಂಥದ್ದಾ ಅಂತ ಕೇಳಿಕೊಳ್ಳಿ.
- ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪು ಬಿಡಬೇಕಿಲ್ಲ. ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತ ಮಾಡಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಏರುಪೇರು ಮಾಡುತ್ತೆ.
- ಕೆಮ್ಮಿಗೆ ಅಗಿಯುವ ಜೇಷ್ಠಮಧು ದಿನಾ ಹೆಚ್ಚು ತಿಂದರೆ ದೇಹದ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತೆ. ಬಿಪಿ ಇರುವವರು ದೂರ ಇರುವುದೇ ಒಳ್ಳೆಯದು.

ಸರ್ಪಗಂಧದ ಬಗ್ಗೆಯೂ ಕೇಳ್ತಾರೆ. ಅದು ನಿಜವಾಗಿಯೂ ಬಿಪಿ ಇಳಿಸುವ ಗಿಡ. 1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟನ್‌ನ ಹೃದಯರೋಗ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಮೇಲೆ ಪ್ರಪಂಚವೇ ಈ ಬೇರಿನ ಕಡೆ ತಿರುಗಿ ನೋಡಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಅಲ್ಲಿ ಕೆಲಸ ಮಾಡೋದು ಖನಿಜ ಅಲ್ಲ, ಆ ರಾಸಾಯನಿಕ. ಬೇರಿನಿಂದ ಬೇರಿಗೆ ಅದರ ಪ್ರಮಾಣ ಬೇರೆ, ಹೆಚ್ಚಾದರೆ ಮನಸ್ಸು ಕುಗ್ಗುತ್ತೆ, ಬಿಪಿ ಪಾತಾಳಕ್ಕಿಳಿಯುತ್ತೆ. ಮನೆಯಲ್ಲಿ ಕುಟ್ಟಿ ಕುಡಿಯೋ ಬೇರಲ್ಲ ಅದು.

ಗಿಡ ಎಳೆದುಕೊಳ್ಳೋದು ಒಳ್ಳೇದನ್ನಷ್ಟೇ ಅಲ್ಲ

ಬೆಳೆಗಾರರು ಗಮನ ಕೊಡಬೇಕಾದ ಮಾತು ಇದು. ಗಿಡಕ್ಕೆ "ನಾನು ಔಷಧಿ ಗಿಡ" ಅಂತ ಗೊತ್ತಿಲ್ಲ. ಮಣ್ಣಲ್ಲಿ ಪೊಟ್ಯಾಷ್ ಇದ್ದರೆ ಪೊಟ್ಯಾಷ್ ಎಳೆಯುತ್ತೆ. ಸೀಸ, ಕ್ಯಾಡ್ಮಿಯಂ ಇದ್ದರೆ ಅದನ್ನೂ ಎಳೆಯುತ್ತೆ. ರಕ್ತದಲ್ಲಿ ಸೀಸ ಸೇರಿದರೆ ಏನಾಗುತ್ತೆ ಗೊತ್ತಾ? ಬಿಪಿ ಏರುತ್ತೆ, ಮೂತ್ರಪಿಂಡ ಕೆಡುತ್ತೆ. ಬಿಪಿಗೆ ಅಂತ ಕುಡಿದ ಕಷಾಯವೇ ಬಿಪಿ ಏರಿಸಿದ ಹಾಗೆ.

ಇದು ಬರೀ ಹೆದರಿಕೆಯ ಮಾತಲ್ಲ. 2004ರಲ್ಲಿ ಅಮೆರಿಕದ ಬೋಸ್ಟನ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಕೆಲವು ರಸೌಷಧಿಗಳಿಗೆ ಲೋಹವನ್ನು ಬೇಕಂತಲೇ ಸೇರಿಸ್ತಾರೆ, ಅದು ಬೇರೆ ವಿಷಯ. ಆದರೆ ಮಣ್ಣು, ನೀರು, ಧೂಳಿನಿಂದ ಬರುವ ಪಾಲು ನಮ್ಮ ಹೊಲದಲ್ಲೇ ಶುರುವಾಗೋದು. ಬೆಂಗಳೂರಿನ ವೃಷಭಾವತಿ ಕಣಿವೆಯಲ್ಲಿ ಕೊಳಚೆ ನೀರಿನಿಂದ ಬೆಳೆದ ಸೊಪ್ಪು ತರಕಾರಿಯಲ್ಲಿ ಭಾರಲೋಹ ಇರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ.

ಒಣಗಿಸಿದ ಔಷಧಿ ಗಿಡಕ್ಕೆ ಆಯುರ್ವೇದ ಫಾರ್ಮಾಕೋಪಿಯದ ಮಿತಿ ಹೀಗಿದೆ: ಕೆಜಿಗೆ ಸೀಸ 10 ಮಿಲಿಗ್ರಾಂ, ಕ್ಯಾಡ್ಮಿಯಂ 0.3, ಆರ್ಸೆನಿಕ್ 3, ಪಾದರಸ 1. ಇದಕ್ಕಿಂತ ಹೆಚ್ಚಿದ್ದರೆ ಮಾಲು ವಾಪಸ್ ಬರುತ್ತೆ. ಅಂದ್ರೆ ಇದು ಆರೋಗ್ಯದ ಪ್ರಶ್ನೆ, ಜೇಬಿನ ಪ್ರಶ್ನೆಯೂ ಹೌದು.

ಬೆಳೆಯುವವರು, ಕೀಳುವವರು ಏನು ಮಾಡಬೇಕು?

1. ಜಾಗ ನೋಡಿ. ಹೆದ್ದಾರಿ ಅಂಚು, ಹಳೆ ಬ್ಯಾಟರಿ ಒಡೆಯುವ ಜಾಗ, ಕಸ ಸುಡುವ ಜಾಗದ ಪಕ್ಕ ಔಷಧಿ ಗಿಡ ಬೇಡ. ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು. ಆದರೆ ಮೇಲ್ಮಣ್ಣಿಗೆ ಬಿದ್ದ ಸೀಸ ಸುಲಭಕ್ಕೆ ಹೋಗಲ್ಲ.
2. ನೀರು ನೋಡಿ. ಒಂದೆಲಗ, ನೀರುಬ್ರಾಹ್ಮಿ ತೇವದಲ್ಲಿ ಬೆಳೆಯುವ ಗಿಡ. ನೀರುಬ್ರಾಹ್ಮಿ ಭಾರಲೋಹವನ್ನು ಚೆನ್ನಾಗಿ ಹೀರುತ್ತೆ ಅಂತ ಪ್ರಯೋಗಗಳು ತೋರಿಸಿವೆ. ಚರಂಡಿ ನೀರು ಸೇರುವ ಕೆರೆ, ಕಾಲುವೆಯ ಬದಿಯಿಂದ ಕಿತ್ತು ತಿನ್ನಬೇಡಿ, ಮಾರಲೂ ಬೇಡಿ.
3. ರಸಸಾರ ನೋಡಿ. ಮಣ್ಣು ಹುಳಿಯಾದಷ್ಟೂ ಗಿಡಕ್ಕೆ ಕ್ಯಾಡ್ಮಿಯಂ ಸುಲಭವಾಗಿ ಸಿಗುತ್ತೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಪರೀಕ್ಷೆ ನೋಡಿ ಸುಣ್ಣ ಕೊಡಿ. ಕೊಟ್ಟಿಗೆ ಗೊಬ್ಬರವೂ ಲೋಹ ಹಿಡಿದಿಡುತ್ತೆ.
4. ಕಾರ್ಡ್ ಒಂದೇ ಸಾಲದು. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ವ್ಯಾಪಾರಕ್ಕೆ ಬೆಳೆಯುವವರು ಭಾರಲೋಹ ಪರೀಕ್ಷೆ ಬೇಕು ಅಂತ ಲ್ಯಾಬ್‌ನಲ್ಲಿ ಬೇರೆಯಾಗಿ ಕೇಳಿ ಮಾಡಿಸಿ. ನಾಲ್ಕೈದು ಜನ ಸೇರಿ ಮಾಡಿಸಿದರೆ ಹೊರೆ ಕಡಿಮೆ.
5. ಒಣಗಿಸೋ ಜಾಗ. ರಾಗಿ ಒಕ್ಕಣೆಯ ಹಾಗೆ ಟಾರ್ ರಸ್ತೆ ಮೇಲೆ ಬೇರು, ಎಲೆ ಹರಡಬೇಡಿ. ಮೊದಲು ತೊಳೆದು, ನೆರಳಲ್ಲಿ, ಶುದ್ಧ ಟಾರ್ಪಾಲ್ ಮೇಲೆ ಒಣಗಿಸಿ. ಎಲೆ ಮೇಲಿನ ಧೂಳು ತೊಳೆದರೇ ಎಷ್ಟೋ ಸೀಸ ಹೋಗುತ್ತೆ.

ಲಕ್ವ ಹೊಡೆದಾಗ: ಇದನ್ನು ಮನೆಯವರಿಗೂ ಓದಿ ಹೇಳಿ

- ನಗಲು ಹೇಳಿ: ಬಾಯಿ ಒಂದು ಕಡೆ ಸೊಟ್ಟಗಾಗುತ್ತಾ?
- ಎರಡೂ ಕೈ ಎತ್ತಲು ಹೇಳಿ: ಒಂದು ಕೈ ಕೆಳಗೆ ಜಾರುತ್ತಾ?
- ಮಾತಾಡಿಸಿ: ತೊದಲುತ್ತಾ?
- ದಿಢೀರನೆ ಕಣ್ಣು ಮಂಜಾಯ್ತಾ? ನಡೆಯುವಾಗ ತೂಕ ತಪ್ಪುತ್ತಾ?

ಒಂದಕ್ಕೆ ಹೌದು ಅಂದರೂ ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಕಟ್ಟಿದ ನಾಳ ತೆರೆಯುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ದಾರಿಯಲ್ಲಿ ನೀರು, ಕಷಾಯ, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗಬಹುದು. ಆಸ್ಪಿರಿನ್ ಕೂಡ ಬೇಡ. ನಾಳ ಕಟ್ಟಿದೆಯೋ ಒಡೆದಿದೆಯೋ ಸ್ಕ್ಯಾನ್ ಆಗೋವರೆಗೆ ಗೊತ್ತಿರಲ್ಲ. ತಾನಾಗೇ ಸರಿ ಹೋದರೂ ಆಸ್ಪತ್ರೆ ಬಿಡಬೇಡಿ, ಅದು ದೊಡ್ಡದರ ಮುನ್ಸೂಚನೆ ಇರಬಹುದು.

ಈ ವಾರದ ಕೆಲಸ

- ಮನೆಯಲ್ಲಿ 30 ದಾಟಿದ ಎಲ್ಲರ ಬಿಪಿ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ನೋಡ್ತಾರೆ. ಆಶಾ ಕಾರ್ಯಕರ್ತೆಯರನ್ನು ಕೇಳಿ.
- ಬಂದ ಅಂಕಿಯನ್ನು ಮೊಬೈಲಿನಲ್ಲಿ ದಿನಾಂಕದ ಜೊತೆ ಬರೆದಿಡಿ.
- ಮಾತ್ರೆ ನಿಲ್ಲಿಸಿದವರು ಯಾರಾದರೂ ಇದ್ದಾರಾ ಅಂತ ಕೇಳಿ. ಬೈಯಬೇಡಿ, ಕರ್ಕೊಂಡು ಹೋಗಿ.
- ಊಟದ ಎಲೆಯ ಪಕ್ಕದಿಂದ ಉಪ್ಪಿನ ಬಟ್ಟಲು ಎತ್ತಿಡಿ.
- ಹಿತ್ತಲಲ್ಲಿ ಒಂದು ಮಡಿ ಸೊಪ್ಪು ಹಾಕಿ, ಶುದ್ಧ ನೀರು ಕೊಡಿ.

ಚಿಕ್ಕಪ್ಪ ಈಗ ಕೋಲು ಹಿಡಿದು ಗದ್ದೆ ಬದುವಿನವರೆಗೆ ನಡೀತಾರೆ. ಮಾತು ಮುಕ್ಕಾಲು ಪಾಲು ವಾಪಸ್ ಬಂದಿದೆ, ಬಲಗೈ ಬಂದಿಲ್ಲ. ಮೋಟಾರ್ ಸ್ಟಾರ್ಟರ್ ಒತ್ತಲು ಎಡಗೈ ರೂಢಿ ಮಾಡಿಕೊಂಡಿದ್ದಾರೆ. ನುಗ್ಗೆ ಮರ ಹಿತ್ತಲಲ್ಲಿ ಹಾಗೇ ಇದೆ, ವಾರಕ್ಕೆ ಮೂರು ದಿನ ಅದರ ಸೊಪ್ಪಿನ ಬಸ್ಸಾರು. ಉಂಡ ಮೇಲೆ ಚಿಕ್ಕಮ್ಮ ಮಾತ್ರೆ ಕೈಗೆ ಕೊಟ್ಟು, ನುಂಗೋವರೆಗೂ ಎದುರಿಗೇ ನಿಂತಿರ್ತಾರೆ.

ನಿಮ್ಮ ಗ್ರೂಪಿನಲ್ಲೂ "ಮಾತ್ರೆ ಬೇಡ, ರಸ ಸಾಕು" ಅನ್ನೋ ವಿಡಿಯೋ ಬಂದಿದ್ದರೆ, ಅದರ ಕೆಳಗೆ ಈ ಲೇಖನ ಹಾಕಿ. ನಾನು ಆವತ್ತು ಕಳಿಸಬೇಕಾಗಿದ್ದು ಇದನ್ನು.